ನೋಡಲು ಒಂದೇ, ಒಳಗೆ ಹಲವು: ಸೊಳ್ಳೆಯ ಕುಲ ಬಿಡಿಸಿದ ಬಗೆ

ಆಫ್ರಿಕದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಗೆ 1902ರಲ್ಲೇ ಹೆಸರಿಟ್ಟಾಗಿತ್ತು. ಆದರೆ ಅದರ ನಡವಳಿಕೆ ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ಕೆಲವೆಡೆ ಮನುಷ್ಯರನ್ನೇ ಹುಡುಕಿ ಕಚ್ಚಿ, ಮನೆಯೊಳಗಿನ ಗೋಡೆಯ ಮೇಲೆ ಕೂರುತ್ತಿತ್ತು. ಇನ್ನು ಕೆಲವೆಡೆ ದನಗಳ ರಕ್ತ ಹೀರಿ ಹೊರಗೇ ಉಳಿಯುತ್ತಿತ್ತು. ಗೋಡೆಗೆ ಕೀಟನಾಶಕ ಸಿಂಪಡಿಸಿ ರೋಗ ತಡೆಯಲು ಹೊರಟವರನ್ನು ಈ ವ್ಯತ್ಯಾಸ ಕಾಡಿತು.

ಗುಟ್ಟು ಬಯಲಾದದ್ದು ಲಂಡನ್ನಿನ ರಾಸ್ ಸಂಸ್ಥೆಯಲ್ಲಿ. ಕೀಟನಾಶಕವನ್ನು ಸಹಿಸುವ ಗುಣ ಮರಿಗಳಿಗೆ ಹೇಗೆ ಬರುತ್ತದೆಂದು ತಿಳಿಯಲು ಜಾರ್ಜ್ ಡೇವಿಡ್‌ಸನ್ ಬೇರೆ ಬೇರೆ ಊರುಗಳ ಸೊಳ್ಳೆಗಳನ್ನು ಕೂಡಿಸಿ ನೋಡುತ್ತಿದ್ದರು. ಕೆಲವು ಜೋಡಿಗಳಿಗೆ ಹುಟ್ಟಿದ ಗಂಡುಗಳಲ್ಲಿ ಸಂತಾನಶಕ್ತಿಯೇ ಇರಲಿಲ್ಲ. ಕಣ್ಣಿಗೆ ಒಂದೇ ಆಗಿ ಕಂಡದ್ದು ಹಲವು ಪ್ರಭೇದಗಳ ಗುಂಪು ಎಂಬುದು 1960ರ ದಶಕದಲ್ಲಿ ಖಚಿತವಾಯಿತು.

ಆದರೆ ಹಳ್ಳಿಯಲ್ಲಿ ಹಿಡಿದ ಪ್ರತಿ ಸೊಳ್ಳೆಗೂ ಜೋಡಿ ಹುಡುಕಿ ಪರೀಕ್ಷಿಸಲಾದೀತೇ? ಇಟಲಿಯ ಮಾರಿಯೊ ಕೊಲುಜ್ಜಿ ಬೇರೆ ದಾರಿ ಹಿಡಿದರು. ರಕ್ತ ಹೀರಿ ಮೊಟ್ಟೆ ಬಲಿಯುತ್ತಿರುವ ಹೆಣ್ಣಿನ ಅಂಡಾಶಯದಲ್ಲಿ ದೈತ್ಯ ವರ್ಣತಂತುಗಳಿರುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅವುಗಳ ಮೇಲಿನ ಪಟ್ಟೆಗಳು ಕಾಣುತ್ತವೆ. ಒಂದು ತುಂಡು ತಿರುವುಮುರುವಾಗಿದ್ದರೆ ಪಟ್ಟೆಗಳ ಕ್ರಮವೇ ಅದನ್ನು ಹೇಳಿಬಿಡುತ್ತದೆ. ಈ ಕ್ರಮ ನೋಡಿ ಪ್ರಭೇದಗಳನ್ನು ಗುರುತಿಸಬಹುದು. 1970ರ ದಶಕದಲ್ಲಿ ನೈಜೀರಿಯದ ಗಾರ್ಕಿಯಲ್ಲಿ, ಒಂದೇ ಪ್ರಭೇದದೊಳಗೂ ಮನೆಯೊಳಗೆ ಕೂರುವ ಮತ್ತು ಹೊರಗೆ ಕೂರುವ ಸೊಳ್ಳೆಗಳಲ್ಲಿ ಈ ತಿರುವುಗಳು ಬೇರೆ ಬೇರೆ ಪ್ರಮಾಣದಲ್ಲಿರುವುದನ್ನು ಅವರ ತಂಡ ತೋರಿಸಿತು. ಅಲ್ಲಿ ಔಷಧಿ ಸಿಂಪಡಿಸಿದರೂ ಮಲೇರಿಯಾ ಹರಡುವುದು ನಿಲ್ಲದಿರಲು ಇದೂ ಒಂದು ಕಾರಣ.

ಈ ವಿಧಾನಕ್ಕೆ ಸರಿಯಾದ ಹಂತದ ಹೆಣ್ಣೇ ಬೇಕಿತ್ತು. 1993ರಲ್ಲಿ ಬಂದ, ಡಿಎನ್‌ಎ ನೋಡಿ ಪ್ರಭೇದ ಗುರುತಿಸುವ ಪಿಸಿಆರ್ ಪರೀಕ್ಷೆಗೆ ಸೊಳ್ಳೆಯ ಒಂದು ಕಾಲು ಸಾಕು. ಗಂಡೋ ಹೆಣ್ಣೋ ಎಂಬುದು ಮುಖ್ಯವಲ್ಲ. 2002ರಲ್ಲಿ ಗ್ಯಾಂಬಿಯೆಯ ಪೂರ್ಣ ಜೀನೋಮ್ ಪ್ರಕಟವಾಯಿತು. 2013ರಲ್ಲಿ ಆ ಗುಂಪಿನ ಒಂದು ಪ್ರಭೇದಕ್ಕೆ ಕೊಲುಜ್ಜಿ ಅವರ ಹೆಸರನ್ನೇ ಇಡಲಾಯಿತು.

2017ರಲ್ಲಿ ಆಫ್ರಿಕದ 8 ದೇಶಗಳಿಂದ ತಂದ 765 ಸೊಳ್ಳೆಗಳ ಜೀನೋಮ್ ಹೋಲಿಕೆ ಹೊರಬಂತು. ಕೀಟನಾಶಕವನ್ನು ಸಹಿಸುವ ವಂಶವಾಹಿಗಳು ದೇಶದಿಂದ ದೇಶಕ್ಕೆ, ಪ್ರಭೇದದಿಂದ ಪ್ರಭೇದಕ್ಕೆ ಹರಡಿರುವುದು ಅದರಲ್ಲಿ ಕಂಡಿತು.

ಈಗ ಗಮನ ಅನಾಫಿಲಿಸ್ ಸ್ಟೀಫನ್ಸಿ ಎಂಬ ಇನ್ನೊಂದು ಮಲೇರಿಯಾ ಸೊಳ್ಳೆಯ ಮೇಲೂ ಇದೆ. ಮಂಗಳೂರಿನಂಥ ನಗರಗಳಲ್ಲಿ ನೀರಿನ ಟ್ಯಾಂಕುಗಳಲ್ಲಿ ಮರಿ ಮಾಡುವ ಈ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಸಿಕ್ಕಿತು. ಬಳಿಕ ಇಥಿಯೋಪಿಯಕ್ಕೂ ಬಂತು. ಬೆಂಗಳೂರಿನ ವಿಜ್ಞಾನಿಗಳು ಇದರ ಜೀನೋಮನ್ನು ವರ್ಣತಂತುಗಳ ಮಟ್ಟದಲ್ಲಿ ಜೋಡಿಸಿದ್ದಾರೆ. ಆಫ್ರಿಕಕ್ಕೆ ಅದು ಎಲ್ಲಿಂದ ಬಂತು, ಯಾವ ಕೀಟನಾಶಕಕ್ಕೆ ಬಗ್ಗುತ್ತದೆ ಎಂದು ಹುಡುಕುವವರಿಗೆ ಇಂಥ ನಕ್ಷೆಗಳು ಬೇಕೇಬೇಕು.