ಉಪವಾಸವೂ ಮಿತಾಹಾರವೂ

ಬೇಗನೆ ತೆಳ್ಳಗಾಗಬೇಕೆಂದು ಊಟವನ್ನೇ ಬಿಟ್ಟ ಬಾಲಿಕೆಯೊಬ್ಬಳು ಈ ವರ್ಷ ಪ್ರಾರ್ಥನಾಕಾಲದಲ್ಲಿ ಮೂರ್ಛೆಹೋದಳು. ಆಕೆಯಂಥವರ ಹಿತಕ್ಕಾಗಿ ಈ ನಾಲ್ಕು ಮಾತುಗಳು.

1945ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶಾಸ್ತ್ರಜ್ಞರು, ತಾವಾಗಿ ಮುಂದೆ ಬಂದ 36 ಮಂದಿ ಆರೋಗ್ಯವಂತ ತರುಣರಿಗೆ 24 ವಾರಗಳ ಪರ್ಯಂತ ಸುಮಾರು ಅರ್ಧದಷ್ಟೇ ಆಹಾರವನ್ನಿತ್ತು ಪರೀಕ್ಷಿಸಿದರು. ದೇಹದ ತೂಕವು ಸುಮಾರು ಕಾಲುಭಾಗ ಇಳಿಯಿತು. ಬಲವೂ ಉಲ್ಲಾಸವೂ ಕುಂದಿದವು. ಹಗಲಿರುಳೂ ಊಟದ ಚಿಂತೆಯೇ ಆಯಿತು. ನಿರ್ಬಂಧವು ಸಡಿಲಿದ ಮೇಲೆ ಅನೇಕರು ಮಿತಿಮೀರಿ ಉಂಡರು. ಕೊಬ್ಬು ಮೊದಲಿಗಿಂತಲೂ ಹೆಚ್ಚಾಗಿ ಸೇರಿತು.

ಆದುದರಿಂದ ತಾಯ್ತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ಹೊತ್ತಿಗೆ ಸರಿಯಾಗಿ ರಾಗಿ, ಬೇಳೆ, ಸೊಪ್ಪು. ಸಿಹಿತಿಂಡಿ, ಕರಿದ ತಿಂಡಿಗಳಲ್ಲಿ ಮಿತಿ. ದಿನವೂ ನಡಿಗೆ, ಆಟ: ಬಾಳಿನುದ್ದಕ್ಕೂ ಪಾಲಿಸಬಹುದಾದ ಈ ರೂಢಿಯೇ ನಿಲ್ಲತಕ್ಕದ್ದು. ಊಟಕ್ಕೆ ಕುಳಿತ ಮಗಳ ಗಾತ್ರವನ್ನು ಹಾಸ್ಯಮಾಡದಿರೋಣ.