ಕಲೆ-ಸಂಸ್ಕೃತಿಯ ಇಂಗ್ಲಿಷ್ ಪದಸಂಪತ್ತು ಮತ್ತು ಕ್ರಿಯಾಪದದ ಸ್ಥಾನ: ಗದಗ ಸೀಮೆಯ ಕನ್ನಡದ ನೆಲೆಯಿಂದ

1. ಪ್ರಶ್ನೆಯ ಸ್ವರೂಪ

ಕಲೆ ಮತ್ತು ಸಂಸ್ಕೃತಿಯನ್ನು ಕುರಿತು ಇಂಗ್ಲಿಷ್ ಕಲಿಯುವವರಿಗಾಗಿ ಸಿದ್ಧಪಡಿಸುವ ಪದಪಟ್ಟಿಗಳು ಬಹುಮಟ್ಟಿಗೆ ನಾಮಪದಗಳ ಪಟ್ಟಿಗಳೇ ಆಗಿರುತ್ತವೆ. ಶಿಲ್ಪಕ್ಕೆ 'ಸ್ಕಲ್ಪ್‌ಚರ್', ಮಠಕ್ಕೆ 'ಮೊನಾಸ್ಟರಿ', ಜಾತ್ರೆಗೆ 'ಫೇರ್' ಎಂದು ಒಂದಕ್ಕೊಂದು ಪದವನ್ನು ಎದುರುಬದುರಾಗಿ ನಿಲ್ಲಿಸುವುದು ಇವುಗಳ ಕ್ರಮ. ಇಂತಹ ಜೋಡಿಗಳಲ್ಲಿ ಅನೇಕವು ಅಸಮರ್ಪಕವೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಕಲಿಕೆಯ ನಿಜವಾದ ತೊಡಕು ನಾಮಪದಗಳಲ್ಲಿ ಇಲ್ಲ, ಕ್ರಿಯಾಪದಗಳಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ. ನಾಮಪದಕ್ಕೆ ಸಮಾನಪದ ದೊರೆಯದಿದ್ದರೆ ಅದನ್ನೇ ಎರವಲಾಗಿ ಕೊಟ್ಟು ವಿವರಿಸಬಹುದು. ಕ್ರಿಯಾಪದಕ್ಕೆ ಆ ಸೌಲಭ್ಯವಿಲ್ಲ.

ಈ ವಾದಕ್ಕೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಪರಿಸರದಿಂದ ಉದಾಹರಣೆಗಳನ್ನು ಆರಿಸಿಕೊಳ್ಳಲಾಗಿದೆ. ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ; ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದು. ಪಂಪನು ತನ್ನ ಕಾವ್ಯಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಕರೆದುಕೊಂಡನು. ಒಮ್ಮೆ ಕನ್ನಡಕ್ಕೆ ಮಾದರಿಯಾಗಿದ್ದ ಸೀಮೆಯ ಕಲಿಕಾರ್ಥಿಯು ಇಂದು ತನ್ನ ಊರಿನ ಕಲೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಆತನ ನುಡಿಯ ಯಾವ ಭಾಗ ಉಳಿಯುತ್ತದೆ, ಯಾವುದು ಕಳೆದುಹೋಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

2. ಎರವಲಿನ ಅಸಮತೆ

ಭಾಷೆಗಳ ನಡುವೆ ನಾಮಪದಗಳು ಸುಲಭವಾಗಿ ಸಾಗುತ್ತವೆ, ಕ್ರಿಯಾಪದಗಳು ಕಷ್ಟದಿಂದ ಸಾಗುತ್ತವೆ ಎಂಬುದು ವಿಟ್ನಿ 1881ರಲ್ಲಿ ಭಾಷಾಮಿಶ್ರಣವನ್ನು ಕುರಿತು ಬರೆದಂದಿನಿಂದ ಚರ್ಚೆಯಲ್ಲಿರುವ ಸಂಗತಿ. ಕಂಪನಿ ನಾಟಕದ ಪರಿಭಾಷೆಯು ಇದಕ್ಕೆ ಒಳ್ಳೆಯ ಸಾಕ್ಷ್ಯ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂತಹ ವೃತ್ತಿ ಸಂಸ್ಥೆಗಳಿಂದ ಗದುಗಿಗೆ ಚಿರಪರಿಚಿತವಾದ ಈ ರಂಗಭೂಮಿಯು ಇಂಗ್ಲಿಷಿನಿಂದ 'ಕಂಪನಿ', 'ಪಾರ್ಟು', 'ಸೀನು', 'ಸೀನರಿ' ಎಂಬ ಪದಗಳನ್ನು ಧಾರಾಳವಾಗಿ ಪಡೆಯಿತು. ಇವೆಲ್ಲವೂ ನಾಮಪದಗಳು. ಇವುಗಳ ಜೊತೆಗಿನ ಕ್ರಿಯೆಗಳು ಮಾತ್ರ ಕನ್ನಡದವೇ: ಕಂಪನಿ *ಕಟ್ಟು*, ಪಾರ್ಟು *ಮಾಡು*, ಪರದೆ *ಎಳೆ*. ಇಂಗ್ಲಿಷ್ ಕೂಡ ರಾಗ, ತಬಲಾ, ವೀಣೆಗಳನ್ನು ನಾಮಪದಗಳಾಗಿಯೇ ಸ್ವೀಕರಿಸಿದೆ; ಅವುಗಳ ಜೊತೆಗೆ ಬಳಕೆಯಾಗುವ ನಮ್ಮ ಕ್ರಿಯಾಪದಗಳನ್ನಲ್ಲ.

ಇದರ ಪರಿಣಾಮವು ಸ್ಪಷ್ಟವಾಗಿದೆ. 'ಕಂಪನಿ ಕಟ್ಟಿದರು' ಎಂಬುದನ್ನು ಇಂಗ್ಲಿಷಿಗೆ ತರುವ ಕಲಿಕಾರ್ಥಿಗೆ 'ಕಂಪನಿ' ಸಿದ್ಧವಾಗಿಯೇ ಇದೆ. 'ಕಟ್ಟು' ಎಂಬುದಕ್ಕೆ ಮಾತ್ರ 'ಟೈ', 'ಬಿಲ್ಡ್', 'ಫೌಂಡ್' ಎಂಬವುಗಳಲ್ಲಿ ಒಂದನ್ನು ಆತನೇ ಆರಿಸಬೇಕು. ಪಟ್ಟಿಯು ಸುಲಭವಾದುದನ್ನು ಕಲಿಸಿ ಕಠಿಣವಾದುದನ್ನು ಆತನಿಗೇ ಬಿಟ್ಟಿರುತ್ತದೆ.

3. ಹಲವು ಕನ್ನಡ ಕ್ರಿಯೆಗಳು, ಒಂದು ಇಂಗ್ಲಿಷ್ ಕ್ರಿಯೆ

ಗದುಗಿನ ವೀರೇಶ್ವರ ಪುಣ್ಯಾಶ್ರಮವು ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳ (1914–2010) ಪರಂಪರೆಯಲ್ಲಿ ಅಂಧ ಮಕ್ಕಳಿಗೆ ಸಂಗೀತವನ್ನು ಕಲಿಸುತ್ತ ಬಂದಿರುವ ಸಂಸ್ಥೆ. ಇಲ್ಲಿಯ ಕಲಿಕೆಯನ್ನು ಕನ್ನಡದಲ್ಲಿ ವಿವರಿಸುವವರು ತಬಲಾ *ಬಾರಿಸುತ್ತಾರೆ*, ವೀಣೆ *ನುಡಿಸುತ್ತಾರೆ*, ಕೊಳಲು *ಊದುತ್ತಾರೆ*, ತಾಳ *ಹಾಕುತ್ತಾರೆ* ಎನ್ನುತ್ತಾರೆ. ಹಲಗೆಯಂತಹ ಚರ್ಮವಾದ್ಯಕ್ಕೆ *ಬಡಿ* ಎಂಬ ಪ್ರಯೋಗವೂ ಉಂಟು. ಪೇಟಿಗೆ ಈ ಭಾಗದ ಆಡುನುಡಿಯಲ್ಲಿ *ಬಾರಿಸು* ಸಹಜ. ಗ್ರಾಂಥಿಕ ಭಾಷೆಯಲ್ಲಿ *ನುಡಿಸು*. ಕನ್ನಡವು ಇಲ್ಲಿ ದೇಹ ಮತ್ತು ವಾದ್ಯಗಳ ಸಂಬಂಧವನ್ನು ಕ್ರಿಯಾಪದದಲ್ಲಿಯೇ ಸೂಚಿಸುತ್ತದೆ: ಹೊಡೆತ, ಉಸಿರು ಬೇರೆ ಬೇರೆ. *ನುಡಿಸು* ಎಂಬುದು *ನುಡಿ*ಯ ಪ್ರೇರಣಾರ್ಥಕ ರೂಪ. ವಾದ್ಯವನ್ನು ಮಾತನಾಡಿಸುವುದೆಂಬ ಕಲ್ಪನೆ ಅದರಲ್ಲಿದೆ.

ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಬಹುಮಟ್ಟಿಗೆ 'ಪ್ಲೇ' ಒಂದೇ ಸಾಕು. 'ಬ್ಲೋ' ಎಂದರೆ ಕೊಳಲಿನಲ್ಲಿ ಗಾಳಿ ಊದಿದಂತಾಯಿತೇ ಹೊರತು ಸಂಗೀತ ಹೊಮ್ಮಿತೆಂದಾಗದು. 'ಬೀಟ್' ಎಂಬುದು ಡೊಳ್ಳಿಗೆ ಹೊಂದಬಹುದು, ತಬಲಾಕ್ಕೆ ಹೊಂದುವುದಿಲ್ಲ. ಆದ್ದರಿಂದ ಕಲಿಕಾರ್ಥಿಯು ಭೇದವನ್ನು ಕೈಬಿಡುವುದನ್ನು ಕಲಿಯಬೇಕು. ಜೊತೆಗೆ, ವಾದ್ಯದ ಹೆಸರಿನ ಹಿಂದೆ ನಿಶ್ಚಯವಾಚಕವಾದ 'ದ' ಬರುವುದು ವಾಡಿಕೆ, ಕಬಡ್ಡಿಯಂತಹ ಆಟದ ಹೆಸರಿನ ಹಿಂದೆ ಅದು ಬಾರದು ಎಂಬ ವ್ಯಾಕರಣವನ್ನೂ ಅರಿಯಬೇಕು.

'ಪ್ಲೇ' ನಾಮಪದವಾದಾಗ ಮತ್ತೊಂದು ಸಂಗತಿ ಗಮನಾರ್ಹ. ದೊಡ್ಡಾಟ, ಸಣ್ಣಾಟ, ಬಯಲಾಟಗಳಲ್ಲಿಯ 'ಆಟ'ದಂತೆಯೇ ಅದೂ ಕ್ರೀಡೆ ಮತ್ತು ನಾಟಕ ಎರಡನ್ನೂ ಒಳಗೊಳ್ಳುತ್ತದೆ. ಆದರೆ 'ಆಟ ಆಡು' ಎಂಬ ಸಹಪ್ರಯೋಗಕ್ಕೆ 'ಪ್ಲೇ ಎ ಪ್ಲೇ' ಎಂಬುದು ಸರಿಯಾಗದು. ಅಲ್ಲಿ 'ಪರ್‌ಫಾರ್ಮ್' ಅಥವಾ 'ಸ್ಟೇಜ್' ಬೇಕು. ನಾಮಪದಗಳು ಹೊಂದಿಕೊಂಡಾಗಲೂ ಕ್ರಿಯಾಪದಗಳು ಬೇರೆಯಾಗಬಹುದೆಂಬುದಕ್ಕೆ ಇದು ನಿದರ್ಶನ.

4. ಒಂದು ಕನ್ನಡ ಕ್ರಿಯೆ, ಹಲವು ಇಂಗ್ಲಿಷ್ ಕ್ರಿಯೆಗಳು

ವಿರುದ್ಧ ದಿಕ್ಕಿನ ಉದಾಹರಣೆ ಶಿಲ್ಪದಲ್ಲಿ ದೊರೆಯುತ್ತದೆ. ಗದುಗಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯ ಮತ್ತು ಸಮೀಪದ ಲಕ್ಕುಂಡಿಯ ಗುಡಿಗಳ ನುಣುಪಾದ ಕಂಬಗಳನ್ನು ಕುರಿತು 'ಕಡೆದ ಕಂಬ'ಗಳೆನ್ನುತ್ತೇವೆ. ಮೊಸರನ್ನೂ *ಕಡೆ*ಯುತ್ತೇವೆ, ಮೂರ್ತಿಯನ್ನೂ *ಕಡೆ*ಯುತ್ತೇವೆ. ಇಂಗ್ಲಿಷಿನಲ್ಲಿ ಮೊಸರಿಗೆ 'ಚರ್ನ್', ತಿರುಗಣಿಯ ಮೇಲೆ ರೂಪುಗೊಂಡ ಕಂಬಕ್ಕೆ 'ಟರ್ನ್', ಮೂರ್ತಿಗೆ 'ಕಾರ್ವ್' ಅಥವಾ 'ಸ್ಕಲ್ಪ್ಟ್' ಎಂದು ಬೇರೆ ಬೇರೆ ಕ್ರಿಯೆಗಳು. ಶಾಸನದ ಅಕ್ಷರಗಳನ್ನು *ಕಂಡರಿಸು*ವುದಕ್ಕೆ 'ಎನ್‌ಗ್ರೇವ್' ಪ್ರತ್ಯೇಕವಾಗಿದೆ. ಪಟ್ಟಿಯಲ್ಲಿ ಇವೆಲ್ಲಕ್ಕೂ 'ಕಾರ್ವ್' ಒಂದನ್ನೇ ಕೊಟ್ಟರೆ ತಿರುಗಣಿಯ ತಂತ್ರವೇ ವಿವರಣೆಯಿಂದ ಮರೆಯಾಗುತ್ತದೆ. ಈ ಕಂಬಗಳ ಹೆಚ್ಚುಗಾರಿಕೆಯಿರುವುದು ಆ ತಂತ್ರದಲ್ಲಿಯೇ.

ಸ್ಟಾಕ್‌ವೆಲ್, ಬೋವೆನ್ ಮತ್ತು ಮಾರ್ಟಿನ್ ಅವರು 1965ರಲ್ಲಿ ಮಂಡಿಸಿದ ಕಾಠಿಣ್ಯಶ್ರೇಣಿಯ ಪ್ರಕಾರ ತಾಯ್ನುಡಿಯ ಒಂದು ಘಟಕವು ಗುರಿಭಾಷೆಯಲ್ಲಿ ಹಲವಾಗಿ ಒಡೆಯುವ ಸ್ಥಿತಿಯೇ ಕಲಿಕೆಗೆ ಅತ್ಯಂತ ಕಠಿಣ. ಹಾಗಾದರೆ *ಕಡೆ*ಯಂತಹ ಕ್ರಿಯೆಗೆ ಬೋಧನೆಯಲ್ಲಿ 'ಪ್ಲೇ'ಗಿಂತ ಹೆಚ್ಚಿನ ಅವಕಾಶ ಸಲ್ಲಬೇಕು.

ಬೆಟಗೇರಿಯ ನೇಕಾರಿಕೆಯಲ್ಲಿ *ನೇಯು* ಮತ್ತು 'ವೀವ್' ಬಹುಮಟ್ಟಿಗೆ ಸಮಾನ. ಅಂತರವಿರುವುದು ನೂಲಿನ ಹೆಸರುಗಳಲ್ಲಿ. ಕನ್ನಡದ 'ಹಾಸು' ಮತ್ತು 'ಹೊಕ್ಕು' ಕ್ರಿಯಾಮೂಲದ ಪಾರದರ್ಶಕ ಪದಗಳು: ಒಂದು ಹಾಸಿರುವ ನೂಲು, ಇನ್ನೊಂದು ಅದರೊಳಗೆ ಹೊಗುವ ನೂಲು. 'ವಾರ್ಪ್' ಮತ್ತು 'ವೆಫ್ಟ್' ಕಲಿಕಾರ್ಥಿಗೆ ಅಪಾರದರ್ಶಕ. ಆತನಿಗೆ ಈ ಪದಗಳ ಅರ್ಥವನ್ನು ತಿಳಿಸಬೇಕಾದುದೂ ಮಗ್ಗದ ಕ್ರಿಯೆಯ ಮೂಲಕವೇ.

5. ನಾಮಪದದ ಅರ್ಥವನ್ನು ನಿರ್ಣಯಿಸುವ ಕ್ರಿಯಾಪದ

ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿ ಅರಬ್ಬಿ ಮೂಲದ 'ಫಕೀರ' ಮತ್ತು ಸಂಸ್ಕೃತದ 'ಈಶ್ವರ' ಸಮಾಸಗೊಂಡಿವೆ. ಇಂತಹ ಹೆಸರನ್ನು ಅನುವಾದಿಸುವುದಕ್ಕಿಂತ ಹಾಗೆಯೇ ಉಳಿಸಿ ವಿವರಿಸುವುದು ಉಚಿತ. ಆದರೆ ಮಠಗಳ ಸಂದರ್ಭದಲ್ಲಿ ಬರುವ 'ಗದ್ದುಗೆ'ಯನ್ನು ಉಳಿಸಿಕೊಂಡರೂ ಪ್ರಶ್ನೆ ಮುಗಿಯದು. 'ಗದ್ದುಗೆ ಏರಿದರು' ಎಂದಾಗ ಅದು ಪೀಠ. 'ಗದ್ದುಗೆಗೆ ನಮಸ್ಕರಿಸಿದರು' ಎಂದಾಗ ಹಿಂದಿನ ಗುರುವಿನ ಸಮಾಧಿಸ್ಥಾನ. ನಾಮಪದವನ್ನು 'ಥ್ರೋನ್' ಎಂದೋ 'ಟೂಂಬ್' ಎಂದೋ ಪಟ್ಟಿಯಲ್ಲಿ ಮೊದಲೇ ನಿಗದಿಗೊಳಿಸಿದರೆ ಎರಡರಲ್ಲೊಂದು ವಾಕ್ಯ ಕೆಡುತ್ತದೆ.

ಮುಂಡರಗಿಯ ಅನ್ನದಾನೀಶ್ವರ ಮಠದ ಹೆಸರಿನಲ್ಲಿಯೇ 'ದಾನ'ವಿದೆ. ಆ ಬಲದಿಂದ ಮಠಗಳ ದಾಸೋಹವನ್ನು ವಿವರಿಸುವಾಗ 'ಡೊನೇಟ್' ಎಂಬ ಕ್ರಿಯೆ ಕೈಗೆ ಬರುವುದು ಸಹಜ. ಆದರೆ ಆ ಕ್ರಿಯೆಯು ಕೊಡುವವನನ್ನು ಮೇಲೆಯೂ ಪಡೆಯುವವನನ್ನು ಕೆಳಗೆಯೂ ನಿಲ್ಲಿಸುತ್ತದೆ. ದಾಸೋಹದ ಪರಿಕಲ್ಪನೆಯಲ್ಲಿ ಉಣಬಡಿಸುವವನೇ ದಾಸ. 'ಸರ್ವ್' ಎಂಬ ಕ್ರಿಯೆಯಲ್ಲಿ ಬಡಿಸುವುದು, ಸೇವೆಗೈಯುವುದು ಎರಡೂ ಅಡಕವಾಗಿರುವುದರಿಂದ ಅದು ಇಲ್ಲಿ ಹೆಚ್ಚು ಹೊಂದುತ್ತದೆ. ಒಂದು ಕ್ರಿಯಾಪದದ ಆಯ್ಕೆಯಿಂದ ಒಂದು ಆಚರಣೆಯ ತಾತ್ಪರ್ಯವೇ ತಿರುಗುಮುರುಗಾಗಬಹುದು.

6. ಬೋಧನೆಗೆ ಸಲ್ಲುವ ನಿಷ್ಕರ್ಷೆ

ಕಿಟೆಲ್ಲರ 1894ರ ಕನ್ನಡ-ಇಂಗ್ಲಿಷ್ ನಿಘಂಟು ಒಂದು ಶೀರ್ಷಿಕೆಯಡಿ ಹಲವು ಅರ್ಥಗಳನ್ನು ಕೊಡುವ ಕ್ರಮವನ್ನು ಅನುಸರಿಸಿತು. ಕಲಿಕಾರ್ಥಿಗಳ ಪದಪಟ್ಟಿಗಳು ಸರಳತೆಗಾಗಿ ಆ ಕ್ರಮವನ್ನು ಕೈಬಿಟ್ಟವು. ಅದನ್ನು ಇಡಿಯಾಗಿ ಮರಳಿ ತರುವುದು ಪ್ರಾಥಮಿಕ ಹಂತದಲ್ಲಿ ಸಾಧ್ಯವಾಗದಿರಬಹುದು. ಆದರೆ ಪಟ್ಟಿಯ ಘಟಕವನ್ನು ಬದಲಿಸುವುದು ಸಾಧ್ಯ: ನಾಮಪದದ ಬದಲು ಕ್ರಿಯೆ, ಅದರ ಕರ್ಮಪದ ಮತ್ತು ಸಾಧನ ಮೂರನ್ನೂ ಒಳಗೊಂಡ ಪ್ರಯೋಗವನ್ನು ಘಟಕವಾಗಿ ಗ್ರಹಿಸಬೇಕು. 'ಕಂಬ' ಎಂಬುದರ ಸ್ಥಾನದಲ್ಲಿ 'ತಿರುಗಣಿಯ ಮೇಲೆ ಕಂಬವನ್ನು ಕಡೆ' ಎಂಬುದು ಬಂದರೆ ಇಂಗ್ಲಿಷಿನ 'ಟರ್ನ್' ತಾನಾಗಿಯೇ ತನ್ನ ಸ್ಥಾನವನ್ನು ಪಡೆಯುತ್ತದೆ. ಎರಡು ಕ್ರಮಗಳಲ್ಲಿ ಕಲಿತವರ ಬರವಣಿಗೆಯನ್ನು ಹೋಲಿಸಿ ಈ ಸಲಹೆಯನ್ನು ಪರೀಕ್ಷಿಸಲು ಸಂಶೋಧನಾರ್ಥಿಗಳಿಗೆ ಅವಕಾಶವಿದೆ.

ಇದು ಕೇವಲ ಬೋಧನಕ್ರಮದ ಪ್ರಶ್ನೆಯಲ್ಲ. ನಾಮಪದಗಳನ್ನಷ್ಟೇ ಬಲ್ಲವನು ತನ್ನ ಊರಿನ ಗುಡಿ, ಮಗ್ಗ, ವಾದ್ಯಗಳತ್ತ ಬೆರಳು ತೋರಿಸಬಲ್ಲನು. ಅಲ್ಲಿ ಏನು ನಡೆಯಿತು, ಯಾರು ಏನು ಮಾಡಿದರು ಎಂಬುದನ್ನು ಹೇಳಲಾರನು. ಆಗ ಕಲೆಯು ವಸ್ತುಗಳ ಸಂಗ್ರಹವಾಗಿ ಉಳಿಯುತ್ತದೆ. ಕಡೆದವರು, ನೇಯ್ದವರು, ನುಡಿಸಿದವರು ವಾಕ್ಯದಿಂದ ಹೊರಗುಳಿಯುತ್ತಾರೆ. ಅವರಿಗೆ ಇಂಗ್ಲಿಷ್ ವಾಕ್ಯದಲ್ಲಿ ಕರ್ತೃಸ್ಥಾನ ದೊರೆಯಬೇಕಾದರೆ ಕಲಿಕೆಯು ಕ್ರಿಯಾಪದದಿಂದ ಆರಂಭವಾಗಬೇಕು.