ಉತ್ತರದ ಅರಸನ ಹೆಸರು: ಎರಡನೆಯ ಅಂತಿಯೋಕಸನ ಮನೆತನ ಮತ್ತು ದಾನಿಯೇಲ 11:6

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿ ಇತಿಹಾಸಕಾರರಿಗೆ ಪರಿಚಿತವಾದದ್ದು ಒಂದು ಹೆಸರಿನಿಂದ. ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು 1915ರಲ್ಲಿ ಇಲ್ಲಿನ ಬಂಡೆಯ ಮೇಲೆ ಕಂಡ ಬ್ರಾಹ್ಮೀ ಬರಹದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ 'ಅಸೋಕ' ಎಂಬ ಹೆಸರೂ ಇತ್ತು. ಅದುವರೆಗೆ ಶಿಲಾಶಾಸನಗಳಲ್ಲಿ ಬಿರುದುಗಳಿಂದ ಮಾತ್ರ ಕಾಣಿಸಿಕೊಂಡಿದ್ದ ಅರಸನು ಮೌರ್ಯ ಅಶೋಕನೇ ಎಂಬುದು ಅದರಿಂದ ದೃಢಪಟ್ಟಿತು.

ದಾನಿಯೇಲನ ಗ್ರಂಥದ 11ನೆಯ ಅಧ್ಯಾಯವನ್ನು ಓದುವವರ ತೊಡಕೂ ಇಂಥದ್ದೇ. ಅಲ್ಲಿ ಅರಸರು ಬರುತ್ತಾರೆ, ಕಾದುತ್ತಾರೆ, ಅಳಿಯುತ್ತಾರೆ, ಯಾರಿಗೂ ಹೆಸರಿಲ್ಲ. 'ಉತ್ತರದ ಅರಸ', 'ದಕ್ಷಿಣದ ಅರಸ' ಎಂದಷ್ಟೇ ಇದೆ. ಹೆಸರಿಲ್ಲದ ಜಾಗದಲ್ಲಿ ಯಾರನ್ನಾದರೂ ಕೂರಿಸಬಹುದೆಂಬ ಧೈರ್ಯ ಹಲವರಿಗಿದೆ. ಅಂತ್ಯಕಾಲದ ವೇಳಾಪಟ್ಟಿಗಳನ್ನು ಅಚ್ಚುಹಾಕಿಸಿ ಹಂಚುವವರು ಈ ವಚನಗಳಲ್ಲಿ ಇಂದಿನ ರಾಷ್ಟ್ರಗಳನ್ನೂ ನಾಯಕರನ್ನೂ ಕಾಣುತ್ತಾರೆ. ನಮ್ಮ ವಿಶ್ವಾಸಿಗಳು ಆ ಕಾಗದಗಳನ್ನು ಹಿಡಿದು ಗುರುಗಳ ಬಳಿಗೆ ಬರುತ್ತಾರೆ. ಆದರೆ 6ನೆಯ ವಚನದ ಉತ್ತರದ ಅರಸ ಯಾರೆಂಬುದು ಬಹು ಹಿಂದೆಯೇ ತಿಳಿದಿರುವ ವಿಷಯ. ಅಷ್ಟೇ ಅಲ್ಲ, ಮಸ್ಕಿಯ ಬಂಡೆಯ ಮೇಲೆ ಹೆಸರು ಬರೆಸಿದ ಅಶೋಕನೇ ಈತನ ಹೆಸರನ್ನೂ ಕಲ್ಲಿನಲ್ಲಿ ಕೊರೆಯಿಸಿದ್ದಾನೆ.

ಮಸ್ಕಿಯದು ಕಿರುಶಾಸನ; ಅದರಲ್ಲಿ ಗ್ರೀಕ್ ಅರಸರ ಪ್ರಸ್ತಾಪವಿಲ್ಲ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಮಾತ್ರ ಹದಿನಾಲ್ಕು ಬೃಹತ್ ಶಾಸನಗಳ ಮಾಲೆಯೇ ಇದೆ. ಆ ಮಾಲೆಯ 2ನೆಯ ಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾದ ನಾಡುಗಳನ್ನು ಎಣಿಸುವಾಗ 'ಅಂತಿಯೋಕ' ಎಂಬ ಯವನ ಅರಸನನ್ನು ಹೆಸರಿಸುತ್ತದೆ. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳುವ 13ನೆಯದು ಆತನ ಜೊತೆಗೆ ತುರಮಾಯ, ಅಂತಿಕಿನಿ, ಮಕ, ಅಲಿಕಸುದರ ಎಂಬ ನಾಲ್ವರನ್ನು ಸೇರಿಸುತ್ತದೆ. ಅಂತಿಯೋಕನೆಂದರೆ ಸಿರಿಯದಿಂದ ಪೂರ್ವಕ್ಕೆ ಬಹುದೂರ ಆಳಿದ ಸೆಲ್ಯೂಕಸ್ ವಂಶದ ಎರಡನೆಯ ಅಂತಿಯೋಕಸ್ (ಕ್ರಿ.ಪೂ. 261–246). ತುರಮಾಯನು ಈಜಿಪ್ಟಿನ ಎರಡನೆಯ ಟಾಲೆಮಿ, ಅಂತಿಕಿನಿಯು ಮ್ಯಾಸಿಡೋನಿಯದ ಆಂಟಿಗೊನಸ್ ಗೊನಾಟಸ್, ಮಕನು ಸಿರೇನಿನ ಮಾಗಸ್. ಕೊನೆಯವನನ್ನು ಪಿರ್ರಸನ ಮಗ, ಎಪಿರಸ್ಸಿನ ಅಲೆಕ್ಸಾಂಡರನೆಂದು ಬಹುಮಂದಿಯೂ ಕೊರಿಂಥದ ಅಲೆಕ್ಸಾಂಡರನೆಂದು ಕೆಲವರೂ ಹೇಳುತ್ತಾರೆ.

ಅಶೋಕನು ಐದು ರಾಜ್ಯಗಳನ್ನು ಎಣಿಸಿದಂತೆ ತೋರಿದರೂ ವಾಸ್ತವದಲ್ಲಿ ಎಣಿಸಿದ್ದು ಬಹುಮಟ್ಟಿಗೆ ಒಂದು ಬೀಗರ ಬಳಗವನ್ನು. ಆಂಟಿಗೊನಸನು ಅಂತಿಯೋಕಸನ ತಾಯಿ ಸ್ಟ್ರಟೊನಿಕೆಯ ಒಡಹುಟ್ಟಿದವನು, ಅಂದರೆ ಸೋದರಮಾವ. ಸ್ಟ್ರಟೊನಿಕೆ ಮೊದಲು ಮುದಿ ಸೆಲ್ಯೂಕಸನ ಮಡದಿಯಾಗಿದ್ದು, ಬಳಿಕ ಆತನ ಮಗ ಮೊದಲನೆಯ ಅಂತಿಯೋಕಸನ ಕೈಹಿಡಿದವಳು. ಸೆಲ್ಯೂಕಸನಿಂದ ಅವಳು ಹೆತ್ತ ಫಿಲಾ ಎಂಬವಳನ್ನೇ ಆಂಟಿಗೊನಸನು ಮದುವೆಯಾದನು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಸೀಮೆಯಲ್ಲಿ ಹೊಸತಲ್ಲವಾದ್ದರಿಂದ (ಧರ್ಮಸಭೆಯ ಕಾನೂನಿನಲ್ಲಿ ವಿನಾಯಿತಿಯಿಲ್ಲದೆ ಅದು ಸಲ್ಲದು) ಈ ವಂಶಾವಳಿ ಪಾಶ್ಚಾತ್ಯ ಓದುಗರಿಗಿಂತ ನಮ್ಮ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಮಾಗಸನು ಅಂತಿಯೋಕಸನ ಸೋದರಿ ಅಪಾಮಳ ಗಂಡ. ತಾಯಿಯ ಕಡೆಯಿಂದ ಟಾಲೆಮಿಯ ಸಹೋದರ. ಮೌರ್ಯರಿಗೂ ಈ ಮನೆಯ ಪರಿಚಯ ಹಳೆಯದು. ಅಂತಿಯೋಕಸನ ಅಜ್ಜ ಸೆಲ್ಯೂಕಸನು ಚಂದ್ರಗುಪ್ತನೊಡನೆ ಒಪ್ಪಂದ ಮಾಡಿಕೊಂಡು 500 ಆನೆಗಳನ್ನು ಪಡೆದಿದ್ದನು. ಬಿಂದುಸಾರನು ಸಿಹಿಮದ್ಯ, ಒಣ ಅಂಜೂರ ಮತ್ತು ಒಬ್ಬ ತತ್ತ್ವವಾದಿಯನ್ನು ಕಳಿಸಿಕೊಡೆಂದು ಅಂತಿಯೋಕಸನ ತಂದೆಯನ್ನು ಕೇಳಿದ್ದನಂತೆ. ಮೊದಲೆರಡು ಸರಿ, ತತ್ತ್ವವಾದಿಗಳನ್ನು ಮಾರುವ ಪದ್ಧತಿ ನಮ್ಮಲ್ಲಿಲ್ಲವೆಂಬ ಉತ್ತರ ಬಂದಿತೆಂದು ಗ್ರೀಕ್ ಲೇಖಕನೊಬ್ಬನು ಹೇಳುತ್ತಾನೆ.

ತತ್ತ್ವವಾದಿಗಳನ್ನು ಮಾರುತ್ತಿರಲಿಲ್ಲ, ನಿಜ. ರೈತರನ್ನು ಮಾರುತ್ತಿದ್ದರು. ಎರಡನೆಯ ಅಂತಿಯೋಕಸನು ಸುಮಾರು ಕ್ರಿ.ಪೂ. 253ರಲ್ಲಿ ತನ್ನ ರಾಣಿ ಲವೊದಿಕೆಗೆ ಪನ್ನುಕೋಮೆ ಎಂಬ ಊರನ್ನು 30 ತಲಾಂತು ಬೆಳ್ಳಿಗೆ ಮಾರಿದ ಪತ್ರವು ಡಿಡಿಮಾದ ಕಲ್ಲಿನಲ್ಲಿ ಉಳಿದಿದೆ. ಹೊಲ, ಒಡೆಯನ ಮನೆ, ಅಲ್ಲಿನ ಜನರು ಮನೆಮಂದಿಯ ಸಮೇತ, ಊರು ಬಿಟ್ಟು ಬೇರೆಡೆ ನೆಲೆಸಿದವರೂ ಕೂಡ ಆ ಮಾರಾಟದಲ್ಲಿ ಸೇರಿದ್ದರು. ಇದೇ ಅರಸನಿಗೆ ಮಿಲೇತದ ಪೌರರು, ತಮ್ಮ ನಿರಂಕುಶ ಪ್ರಭು ತಿಮಾರ್ಕಸನಿಂದ ಬಿಡುಗಡೆ ಮಾಡಿದ್ದಕ್ಕಾಗಿ, 'ಥಿಯೋಸ್' ಎಂದರೆ 'ದೇವರು' ಎಂಬ ಬಿರುದನ್ನು ಕೊಟ್ಟರು. ಮಸ್ಕಿಯ ಅರಸನು ದೇವರುಗಳಿಗೆ ಪ್ರಿಯನೆನಿಸಿಕೊಂಡಲ್ಲಿಗೆ ನಿಂತನು. ಧರ್ಮದ ಫಲವು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆಂದು ಆ ಬಂಡೆಯ ಮೇಲೆಯೇ ಹೇಳಿಸಿದನು. ಈ ಅಂತರವನ್ನು ಬಹಳ ಎಳೆಯಬೇಕಾಗಿಲ್ಲ, ಕಳಿಂಗದ ರಕ್ತ ಅಶೋಕನ ಕೈಗೂ ಅಂಟಿತ್ತು. ಆದರೂ ದಾನಿಯೇಲನ ಗ್ರಂಥದ ಕೋಪ ಎಲ್ಲಿಂದ ಹುಟ್ಟಿತೆಂಬುದು ಈ 'ಥಿಯೋಸ್' ಎಂಬ ಒಂದೇ ಪದದಿಂದ ತಿಳಿಯುತ್ತದೆ. ಯೆರೂಸಲೇಮಿನ ದೇವಾಲಯವನ್ನು ಹೊಲೆಗೆಡಿಸಿದ ನಾಲ್ಕನೆಯ ಅಂತಿಯೋಕಸನು ಇವನ ಮರಿಮಗ. ಅವನೂ ನಾಣ್ಯಗಳ ಮೇಲೆ ಅದೇ ಪದವನ್ನು ಹೊತ್ತನು.

ಇನ್ನು 6ನೆಯ ವಚನ. ಈಜಿಪ್ಟಿನೊಡನೆ ನಡೆದ ಯುದ್ಧ ಕ್ರಿ.ಪೂ. 253ರ ಸುಮಾರಿಗೆ ನಿಂತಾಗ ಸಂಧಾನದ ಬೆಲೆಯಾಗಿ ಟಾಲೆಮಿಯು ತನ್ನ ಮಗಳು ಬೆರೆನಿಕೆಯನ್ನು ಅಂತಿಯೋಕಸನಿಗೆ ಕೊಟ್ಟನು. ಲವೊದಿಕೆಯೂ ಅವಳ ಇಬ್ಬರು ಗಂಡುಮಕ್ಕಳೂ ಬದಿಗೆ ಸರಿಯಬೇಕಾಯಿತು. ತಂದೆ ಮಗಳನ್ನು ಪೆಲೂಸಿಯಮ್ಮಿನವರೆಗೆ ಬೀಳ್ಕೊಟ್ಟನೆಂದೂ ಲೆಕ್ಕವಿಲ್ಲದಷ್ಟು ಬೆಳ್ಳಿಬಂಗಾರವನ್ನು ವರದಕ್ಷಿಣೆಯಾಗಿ ಕಳಿಸಿದನೆಂದೂ ಸಂತ ಜೆರೋಮರು ದಾನಿಯೇಲನ ವ್ಯಾಖ್ಯಾನದಲ್ಲಿ ಬರೆಯುತ್ತಾರೆ. 'ವರದಕ್ಷಿಣೆ ಹೊತ್ತು ತಂದವಳು' ಎಂಬರ್ಥದ ಅಡ್ಡಹೆಸರೇ ಅವಳಿಗೆ ಉಳಿಯಿತು. ಆ ದಿಬ್ಬಣದ ಜೊತೆ ಗಡಿಯವರೆಗೆ ಹೋಗಿದ್ದ ಆರ್ತೆಮಿದೋರಸ್ ಎಂಬ ವೈದ್ಯನು ಹಿಂದಿರುಗುವಾಗ ಸೀದೋನಿನಿಂದ ಬರೆದ ಪತ್ರವು ಪಪೈರಸ್ಸಿನಲ್ಲಿ ಸಿಕ್ಕಿದೆ. ರಾಣಿಯನ್ನು ಗಡಿಗೆ ಮುಟ್ಟಿಸಿದ ಸುದ್ದಿ ಅದರಲ್ಲಿ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಮಿಕ್ಕದ್ದೆಲ್ಲ ಒಳ್ಳೆಯ ಜೇನು, ಪಶುಗಳಿಗೆ ಬಾರ್ಲಿ, ತಾನು ಊರು ಸೇರುವ ಹೊತ್ತಿಗೆ ಮನೆಗೆ ಚಾವಣಿ ಆಗಿರಬೇಕೆಂಬ ಚಿಂತೆ.

ಕ್ರಿ.ಪೂ. 246ರಲ್ಲಿ ಟಾಲೆಮಿ ತೀರಿಕೊಂಡನು. ಅಂತಿಯೋಕಸನು ಬೆರೆನಿಕೆಯನ್ನು ಅಂತಿಯೋಕ್ಯದಲ್ಲಿ ಬಿಟ್ಟು ಲವೊದಿಕೆಯನ್ನು ಮತ್ತೆ ಕೂಡಿದನು, ಅದೇ ವರ್ಷ ಎಫೆಸದಲ್ಲಿ ಸತ್ತನು. ಗಂಡನ ಮನಸ್ಸು ಮತ್ತೆ ತಿರುಗೀತೆಂಬ ಭಯದಿಂದ ಲವೊದಿಕೆಯೇ ವಿಷವಿಕ್ಕಿಸಿದಳೆಂದು ಜೆರೋಮರು ಹೇಳುತ್ತಾರೆ. ಎಲ್ಲ ಇತಿಹಾಸಕಾರರೂ ಅದನ್ನು ನಂಬುವುದಿಲ್ಲ. ಬೆರೆನಿಕೆಯೂ ಅವಳ ಕೂಸೂ ಕೊಲೆಯಾದದ್ದರಲ್ಲಿ ಮಾತ್ರ ಸಂದೇಹವಿಲ್ಲ. ಅವಳ ಅಣ್ಣ ಮೂರನೆಯ ಟಾಲೆಮಿ ದಂಡೆತ್ತಿ ಬಂದಾಗ ಹೊತ್ತು ಮೀರಿತ್ತು. 7ರಿಂದ 9ನೆಯ ವಚನಗಳು ಹೇಳುವುದು ಆ ದಂಡಯಾತ್ರೆಯನ್ನು.

ಇಲ್ಲಿ ಹೀಬ್ರೂ ಪಾಠದ ಒಂದು ಪದವನ್ನು ಗಮನಿಸಬೇಕು. ಪರಂಪರೆಯ ಸ್ವರಚಿಹ್ನೆಗಳ ಪ್ರಕಾರ ಅವಳೊಡನೆ ಒಪ್ಪಿಸಲ್ಪಟ್ಟವನು 'ಅವಳನ್ನು ಹೆತ್ತವನು', ಅಂದರೆ ತಂದೆ. ಸ್ವಲ್ಪ ಬದಲಿಸಿ ಓದಿದರೆ 'ಅವಳ ಮಗು' ಎಂದಾಗುತ್ತದೆ. ಹಲವು ಆಧುನಿಕ ಅನುವಾದಗಳು ಎರಡನೆಯದನ್ನು ಆಯ್ದುಕೊಂಡಿವೆ, ನನಗೂ ಅದೇ ಸರಿಯೆನಿಸುತ್ತದೆ. ತಂದೆ ತನ್ನ ರಾಜ್ಯದಲ್ಲೇ ಕಣ್ಮುಚ್ಚಿದನು. ಮರಣಕ್ಕೆ ಒಪ್ಪಿಸಲ್ಪಟ್ಟದ್ದು ಮಗು. ಅದರೊಡನೆ ಅವಳನ್ನು ಕರೆತಂದ ಪರಿವಾರದವರನ್ನೂ ವಚನವು ಮರೆತಿಲ್ಲ. ಅಂತಿಯೋಕಸನ ಆಳ್ವಿಕೆಯ ಹದಿನೈದು ವರ್ಷಗಳಲ್ಲಿ ಬ್ಯಾಕ್ಟ್ರಿಯ ಕೈತಪ್ಪಲಾರಂಭಿಸಿತು, ಏಷ್ಯಾ ಮೈನರಿನ ನಗರಗಳು ಕೈಸೇರಿದವು. ಪವಿತ್ರ ಗ್ರಂಥವು ಅವೊಂದನ್ನೂ ಬರೆದಿಡದೆ, ಒಪ್ಪಂದಕ್ಕೆ ಬಲಿಯಾದ ಒಬ್ಬ ಹೆಣ್ಣುಮಗಳ ಸುತ್ತ ಇಡೀ ವಚನವನ್ನು ಕಟ್ಟಿದೆ.

ಪಾರ್ಫಿರಿಯೊಡನೆ ಗ್ರಂಥದ ಕಾಲದ ಬಗ್ಗೆ ತೀವ್ರವಾಗಿ ವಾದಿಸಿದ ಜೆರೋಮರಿಗೆ ಈ ವಚನದ ಅರಸರು ಯಾರೆಂಬುದರಲ್ಲಿ ಅವನೊಡನೆ ಜಗಳವಿರಲಿಲ್ಲ. ಅವರಿಬ್ಬರ ದಾರಿ ಬೇರೆಯಾಗುವುದು 21ನೆಯ ವಚನದ ನಂತರ, ಮರಿಮಗನ ಕಥೆಯಲ್ಲಿ. ಕೈಯಲ್ಲಿ ಕಾಗದ ಹಿಡಿದು ಬರುವವರೊಡನೆ ನಮ್ಮ ಚರ್ಚೆ ಬೇಕಾದರೆ ಅಲ್ಲಿಂದ ಆರಂಭವಾಗಲಿ. 6ನೆಯ ವಚನದಲ್ಲಿ ಹೆಸರು ತುಂಬಲು ಖಾಲಿ ಜಾಗವಿಲ್ಲ.